ಪರಸಿ ಮ್ಯಾಲ ಹಚ್ಚಬ್ಯಾಡ

ನಂಬುವವರು ನಂಬಿ, ಇಲ್ಲದವರು ಬಿಡಿ. ದೆವ್ವ-ಗಿವ್ವ ಅಂದರೆ ಮುಖ ತಿರುವುವ ಹೆಂಗಸು ನಾನು. ಆದರೆ ಹೋದ ಮಳೆಗಾಲದಲ್ಲಿ ಚಿಮ್ಮನಚೋಡದ ಹತ್ತಿರ ನನ್ನ ಕಿವಿಯಾರೆ ಕೇಳಿದ್ದನ್ನು ಸುಳ್ಳು ಅಂತ ಹೇಗೆ ಹೇಳಲಿ?

ಅತ್ತೆಯ ತಂಗಿಗೆ ಹುಷಾರಿರಲಿಲ್ಲ. ಅವರನ್ನು ನೋಡಿಕೊಂಡು ನಾನು, ಅತ್ತೆ ಸ್ಕೂಟಿಯಲ್ಲಿ ಸುಲೇಪೇಟದ ಮನೆಗೆ ಹೊರಟಿದ್ದೆವು. ಕತ್ತಲಾಗುವಾಗ ಮಳೆ ಹಿಡಿಯಿತು. ಹಳ್ಳ ತುಂಬಿ ರಸ್ತೆಗೆ ಬಂದಿತ್ತು. ಸ್ಕೂಟಿಗೆ ನೀರು ಹೊಕ್ಕು ನಿಂತೇ ಹೋಯಿತು. ಮೊಬೈಲೂ ತೊಯ್ದು ಸತ್ತಿತ್ತು. ಪಕ್ಕದ ಹೊಲದಲ್ಲೊಂದು ತಗಡಿನ ಶೆಡ್ಡು ಕಂಡಿತು. ಅತ್ತೆಯನ್ನು ಹಿಡಿದುಕೊಂಡು ಒಳಗೆ ಹೋದೆ.

ಒಳಗೆ ಯಾರೂ ಇಲ್ಲ. ಮೂಲೆಯಲ್ಲಿ ಒಣ ತೊಗರಿ ಕಟ್ಟಿಗೆ. ನೆಲದ ಅರ್ಧಕ್ಕೆ ಪರಸಿ ಕಲ್ಲು ಹಾಸಿತ್ತು, ಇನ್ನರ್ಧ ಬರೀ ಮಣ್ಣು. ತಗಡು ಸೋರಿ ಕಲ್ಲು ತೊಯ್ದಿತ್ತು.

ಅತ್ತೆ ಗಡಗಡ ನಡುಗುತ್ತಿದ್ದರು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು... ನನಗೆ ಆಗ ಹೆದರಿಕೆಯಾಯಿತು. ಮೈ ತಣ್ಣಗಿದ್ದೂ ನಡುಕ ನಿಂತರೆ ಜೀವಕ್ಕೆ ಅಪಾಯ, ಕೂಡಲೇ ಬೆಂಕಿ ಬೇಕು ಅಂತ ಇವರು ಹೇಳುತ್ತಿದ್ದರು.

ಇವರು ಅಂದರೆ ನನ್ನ ಗಂಡ. ಶಹಾಬಾದಿನಲ್ಲಿ ಪರಸಿ ಪಾಲಿಶ್ ಮಾಡುವ ಕೆಲಸ. ಮೊಬೈಲಿನಲ್ಲಿ ಕಾಡಿನಲ್ಲಿ ಬದುಕುವ ವಿಡಿಯೋ ನೋಡುವ ಹುಚ್ಚು. ಸೀಟಿ, ಚಳಿಗೆ ಮೈಗೆ ಸುತ್ತಿಕೊಳ್ಳುವ ಬೆಳ್ಳಿಯಂಥ ಹಾಳೆ, ಉಜ್ಜಿದರೆ ಕಿಡಿ ಹಾರಿಸುವ ಲೋಹದ ಕಡ್ಡಿ, ಡಬ್ಬಿಯಲ್ಲಿ ವ್ಯಾಸಲಿನ್ ಸವರಿದ ಹತ್ತಿ, ಎಲ್ಲ ತುಂಬಿದ ಕೆಂಪು ಚೀಲ ಸ್ಕೂಟಿಯ ಸೀಟಿನ ಕೆಳಗೆ ಇಟ್ಟಿದ್ದರು. ಸುಲೇಪೇಟದಾಗ ಯಾವ ಅಡವಿ ಸಿಗ್ತದ ನಿಮಗ, ಅಂತ ನಾನು ನಗುತ್ತಿದ್ದೆ. ಕಾಮಾಲೆಯಾಗಿ ತೀರಿಕೊಂಡರು. ಆಮೇಲೆ ಆ ಚೀಲ ಮುಟ್ಟುವ ಧೈರ್ಯ ನನಗೆ ಬಂದಿರಲಿಲ್ಲ.

ಅವತ್ತು ತಂದು ಬಿಚ್ಚಿದೆ. ಹಾಳೆಯನ್ನು ಅತ್ತೆಗೆ ಸುತ್ತಿದೆ. ಡಬ್ಬಿಯ ಹತ್ತಿ ಮುಟ್ಟಿದರೆ ಅದರಲ್ಲಿ ಬೆರಳು ಒತ್ತಿದ ಗುಳಿ. ಇವರ ಹೆಬ್ಬೆರಳು! ಅದನ್ನೇ ಸುಡಬೇಕಲ್ಲ ಅಂತ ಡಬ್ಬಿಯನ್ನು ಒಮ್ಮೆ ಮುಚ್ಚಿ ಮತ್ತೆ ತೆಗೆದೆ.

ನಮ್ಮ ಕಡೆಯವರಿಗೆ ಉಣ್ಣುವುದು, ಮಲಗುವುದು ಎಲ್ಲ ಪರಸಿಯ ಮೇಲೆಯೇ. ನಾನೂ ವಿಚಾರ ಮಾಡದೆ ಹತ್ತಿಯನ್ನು ಕಲ್ಲಿನ ಮೇಲೆ ಇಟ್ಟು ಕಡ್ಡಿ ಉಜ್ಜಿದೆ. ಕರ್ರ್... ಕರ್ರ್... ಕಿಡಿ ಎತ್ತಲೋ ಹಾರುತ್ತಿತ್ತು.

ಆಗ ಮೂಗಿಗೆ ವಾಸನೆ ಬಡಿಯಿತು. ಹಸಿ ಕಲ್ಲುಪುಡಿ ಮತ್ತು ಬೆವರು. ಇವರ ಕೆಲಸದ ಅಂಗಿಯ ವಾಸನೆ.

"ಮಾದೂ... ಪರಸಿ ಮ್ಯಾಲ ಹಚ್ಚಬ್ಯಾಡ. ನೀರು ಕುಡದದ, ಸಿಡೀತದ. ಮಣ್ಣಿನ ಮ್ಯಾಲ ಹಚ್ಚು."

ಕಿವಿಯ ಪಕ್ಕದಲ್ಲೇ, ಮೆಲ್ಲಗೆ. ಮಾದೂ ಅಂತ ಕರೆಯುವವರು ಜಗತ್ತಿನಲ್ಲಿ ಒಬ್ಬರೇ ಇದ್ದರು.

ನಾನು ತಿರುಗಿ ನೋಡಲಿಲ್ಲ. ಹತ್ತಿಯನ್ನು ಮಣ್ಣಿಗೆ ಸರಿಸಿ ಉಜ್ಜಿದೆ. ಒಂದೇ ಏಟಿಗೆ ಹೊತ್ತಿತು. ಹೆಬ್ಬೆರಳಿನ ಗುಳಿ ಮೊದಲು ಸುಟ್ಟಿತು. ತೊಗರಿ ಕಟ್ಟಿಗೆ ಒಟ್ಟಿದೆ. ಉರಿ ಎದ್ದಿತು.

ಬೆಳಕಿನಲ್ಲಿ ಯಾರೂ ಇರಲಿಲ್ಲ. ವಾಸನೆಯೂ ಇಲ್ಲ. ಉರಿಯುವ ಕಟ್ಟಿಗೆಯೊಂದು ಉರುಳಿ ಕಲ್ಲಿಗೆ ತಾಗಿತು. ಸ್ವಲ್ಪ ಹೊತ್ತಿಗೆ ಫಟ್ ಅಂತ ಪರಸಿಯ ಚೂರು ಹಾರಿ ತಗಡಿಗೆ ಬಡಿಯಿತು.

ಕತ್ತಲಾದರೆ ಮತ್ತೆ ಮಾತಾಡುತ್ತಾರೇನೋ... ಬೆಂಕಿಯನ್ನು ಆರಿಸಿಬಿಡಲೇ ಅನಿಸಿತು. ಮಣ್ಣು ಕೈಗೆ ತುಂಬಿಕೊಂಡೂ ಬಿಟ್ಟಿದ್ದೆ. ಅತ್ತೆಯ ತುಟಿ ನೋಡಿದೆ, ನೀಲಿಗಟ್ಟಿತ್ತು. ಮಣ್ಣು ಚೆಲ್ಲಿ ಇನ್ನೊಂದು ಕಟ್ಟಿಗೆ ಹಾಕಿದೆ. ಅಳು ತಡೆಯಲಾಗಲಿಲ್ಲ.

ಮೈ ಬಿಸಿಯಾದ ಮೇಲೆ ಅತ್ತೆ ಮೆಲ್ಲಗೆ ಪಕ್ಕಕ್ಕೆ ಸರಿದು ಕೂತರು. ಅವರಿಗೆ ಕಿವಿ ಕೇಳಿಸುವುದಿಲ್ಲ, ಜೋರಾಗಿ ಕೂಗಿದರೂ ಇಲ್ಲ.

"ಅಂವಗೂ ಜರಾ ಜಾಗಾ ಬಿಡು, ಮಾದೇವಿ," ಅಂದರು. "ಭಾಳ ತೊಯ್ಸಿಕೊಂಡಾನ."

ಬೆಳಗಿನ ತನಕ ನಮ್ಮಿಬ್ಬರ ನಡುವಿನ ಆ ಜಾಗ ಖಾಲಿಯೇ ಇತ್ತು.

ಈಗ ಮನೆಯಲ್ಲಿ ಕರೆಂಟ್ ಹೋದರೆ ಅತ್ತೆ ಒಳಗಿನಿಂದ ದೀಪ ಹಚ್ಚಲು ಕೂಗುತ್ತಾರೆ. ನಾನು ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ಕತ್ತಲಲ್ಲಿ ಸ್ವಲ್ಪ ಹೊತ್ತು ಹಾಗೇ ಕೂತಿರುತ್ತೇನೆ... ಇನ್ನೂ ಏನೂ ಕೇಳಿಸಿಲ್ಲ.