ಬೆನ್ನ ಹಿಂದಿನ ಪ್ರೇಕ್ಷಕರು

ನಾಟಕದಲ್ಲಿ ನಾನು ರಾಜನಾಗಿರುತ್ತಿದ್ದದ್ದು ಮುಂಬದಿಯಿಂದ ಮಾತ್ರ. ಬೆನ್ನ ಕಡೆ ಅಂಗಿ ಹರಿದಿರಲಿ, ಕಿರೀಟದ ದಾರ ಜೋತಾಡುತ್ತಿರಲಿ, ಅದು ಕಾಣುತ್ತಿದ್ದದ್ದು ಪರದೆಗೆ. ಪರದೆ ಯಾರಿಗೂ ಚಾಡಿ ಹೇಳುತ್ತಿರಲಿಲ್ಲ.

ಯುದ್ಧದ ಕಾಲ ಬಂತು. ಬಟ್ಟೆಗೂ ಬರ, ಸೀಮೆಎಣ್ಣೆಗೂ ಬರ. ಪರದೆಯಿಲ್ಲ, ದೀಪವಿಲ್ಲ. ಹಳಿಯಾಳದ ನಮ್ಮ ಓಣಿಯ ಹಿರಿಯರು ಕುಸ್ತಿಯ ಕಣದಲ್ಲಿ ಹಗಲೇ ಆಡಿಬಿಡಿ ಎಂದರು. ಜನ ಸುತ್ತಲೂ ಕೂಡುವುದಂತೆ!

"ಪರದೆ ಬಂದದ್ದು ಕಂಪನಿ ನಾಟಕದವರ ಜೋಡಿ. ನಮ್ಮಜ್ಜನ ಕಾಲಕ್ಕ ಮಂದಿ ರಾಶಿ ಮಾಡೋ ಕಣದಾಗ ಸುತ್ತ ಕುಂತ ಆಟಾ ನೋಡ್ತಿದ್ರು" ಎಂದು ನನ್ನ ತಂದೆ ಇತಿಹಾಸ ಹೇಳಿದರು. ಆಗಿನ ನಟರು ಬೆನ್ನನ್ನು ಎಲ್ಲಿ ಇಟ್ಟುಕೊಳ್ಳುತ್ತಿದ್ದರೋ, ನೀವೇ ಹೇಳಿ.

ಆಟದ ದಿನ, ಮರೆತ ಮಾತನ್ನು ಪಿಸುಗುಟ್ಟಿ ನೆನಪಿಸುವ ಮಾಸ್ತರರಿಗೆ ಅಡಗಲು ಮರೆಯೇ ಇರಲಿಲ್ಲ. ಪಾಪ, ಜನರ ನಡುವೆ ಕೂತರು. ರಾಣಿಯನ್ನು ಗದರಿಸುವ ಘಳಿಗೆ ಬಂತು. "ಎಲೈ ಹೆಣ್ಣೇ" ಎಂದವನು ಅಲ್ಲೇ ನಿಂತೆ. ಮುಂದಿನ ಮಾತು ಹಾರಿಹೋಗಿತ್ತು. ಮಾಸ್ತರರ ಪಿಸುಮಾತು ನನಗೆ ಮುಟ್ಟಲಿಲ್ಲ. ಯಾವ ಕಡೆ ತಿರುಗಿದರೂ ಕಣ್ಣುಗಳು.

ಆಗ ನನ್ನ ಬೆನ್ನ ಹಿಂದಿನಿಂದ ಹೆಣ್ಣುದನಿಯೊಂದು ಸ್ಪಷ್ಟವಾಗಿ ಬಂತು: "ನನ್ನೆದುರು ಬಾಯಿ ತೆರೆಯಬೇಡ!"

ನನ್ನ ಹೆಂಡತಿ ನೀಲವ್ವ! ಮದುವೆಯಾಗಿ ಬಂದಮೇಲೆ ಮಾವನೆದುರು ಕೆಮ್ಮಿದವಳೂ ಅಲ್ಲ. ಹಿತ್ತಲಲ್ಲಿ ನಾನು ಮಾತು ಬಾಯಿಪಾಠ ಮಾಡುವಾಗ ಪಾತ್ರೆ ತಿಕ್ಕುತ್ತ ಕೂತಿರುತ್ತಿದ್ದಳು, ಅಷ್ಟೇ. ಮೀಸೆಗೆ ಹೋದ ತಂದೆಯ ಕೈ ಅಲ್ಲೇ ನಿಂತಿತು. ಎದುರು ಬದಿಯಲ್ಲಿ ಕೂತಿದ್ದ ನನ್ನ ಅವ್ವ ಸೆರಗು ಸರಿಪಡಿಸಿಕೊಂಡು ಎದ್ದಳು. ಸೊಸೆಯನ್ನು ಎಳೆದುಕೊಂಡು ಮನೆಗೆ ಹೊರಟಳೆಂದು ನಾನು ಕಣ್ಣು ಮುಚ್ಚಿದೆ.

"ನೀಲವ್ವಾ, ಇನ್ನಷ್ಟ ಜೋರ್‍ಲೆ ಹೇಳ! ಈ ಕಡಿ ಮಂದಿಗೆ ಕೇಳವಲ್ದು!" ಎಂದಿತು ಅವ್ವನ ದನಿ.

ಉಳಿದ ಆಟವನ್ನೆಲ್ಲ ಅವಳು ಹೇಳಿಕೊಟ್ಟಳು, ನಾನು ಆಡಿದೆ.

ಸಂಜೆ ಮನೆಯಲ್ಲಿ ತಂದೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಅವ್ವ ಸೊಸೆಯನ್ನು ಕೇಳಿದಳು: "ರಾಣಿ ಮಾತೂ ಬರ್ತಾವೇನ?"

"ಬರ್ತಾವ್ರಿ."

ನೀಲವ್ವ ಪಡಸಾಲೆಯಲ್ಲಿ ನಿಂತು ಹೇಳತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಮೆಲ್ಲಗಲ್ಲ. ತಂದೆಯ ಮುಖ ಇತ್ತ ತಿರುಗಿತು. ಬಾಯಿಪಾಠದ ಹೊತ್ತಿನಲ್ಲಿ ರಾಣಿಯ ಮಾತು ಬಂದರೆ ನಾನು ಗಡಿಬಿಡಿಯಿಂದ ಗೊಣಗಿ ಮುಗಿಸಿ ನನ್ನ ಪಾಳಿಗೆ ಹಾರುತ್ತಿದ್ದೆ; ಆಟದಲ್ಲೂ ರಾಣಿಯ ಪಾತ್ರದವನು ಮಾತಾಡುವಾಗ ನನ್ನ ಮುಂದಿನ ಮಾತನ್ನೇ ನೆನೆಸುತ್ತಿದ್ದೆ. ಆ ರಾಜನಿಗೆ ಆ ರಾಣಿ ಎಂಥ ಉತ್ತರ ಕೊಟ್ಟಿದ್ದಳೆಂಬುದು ನನಗೆ ತಿಳಿದದ್ದು ಆ ಸಂಜೆ.