ರೊಟ್ಟಿಗೆ ಹಚ್ಚಿಕೊಳ್ಳಲು ವಿಯೆಟ್ನಾಂ ನೂಡಲ್ಸ್

ಅತ್ತೆ ಬಟ್ಟಲಿಗೆ ಎರಡು ಬೆರಳು ಹಾಕಿ ಒಂದು ಎಳೆ ಎತ್ತಿದರು. ಎತ್ತಿದರು, ಎತ್ತುತ್ತಲೇ ಹೋದರು... ಅದು ಮುಗಿಯಲೇ ಇಲ್ಲ.

"ಯವ್ವಾ, ಶ್ಯಾವಿಗಿ ಆರಿ ತಣ್ಣಗಾಗೇತಲ್ಲ?"

ಎದುರಿಗೆ ಕೂತ ನನ್ನ ಯಜಮಾನರು ಪೇಪರಿನ ಹಿಂದೆ ನಗುತ್ತಿದ್ದರು.

ನಗಲು ಕಾರಣವಿತ್ತು. ಬೆಳಿಗ್ಗೆಯೇ ನಮ್ಮಿಬ್ಬರ ನಡುವೆ ಶರ್ತು ಆಗಿತ್ತು. "ಅವ್ವ ಇದನ್ನ ಊಟ ಅಂತ ಒಪ್ಪಂಗಿಲ್ಲ ನೋಡು" ಎಂದು ಅವರು, "ಬಟ್ಟಲಾ ಖಾಲಿ ಮಾಡ್ತಾರ ನೋಡ್ರಿ" ಎಂದು ನಾನು. ನಾನು ಗೆದ್ದರೆ ಇನ್ನು ರವಿವಾರದ ನಾಷ್ಟಾ ಮಾಡುವ ಕೆಲಸ ಯಜಮಾನರದು. ನಾನು ಗೋವಾದ ಪರ್ವರಿಯ ನಮ್ಮ ಬಾಲ್ಕನಿಯಲ್ಲಿ ಕವಿತೆ ಓದಿಕೊಂಡು ಕೂರಬಹುದು. ಸೋತರೆ ಟಿವಿ ನೋಡಿ ಮಾಡುವ ಅಡುಗೆಗಳೆಲ್ಲ ಬಂದ್.

ಇದೂ ಟಿವಿ ನೋಡಿ ಮಾಡಿದ್ದೇ. ವಿಯೆಟ್ನಾಂ ಶೈಲಿಯ ನೂಡಲ್ಸ್ ಬೌಲ್, ತಣ್ಣಗೇ ತಿನ್ನುವಂಥದ್ದು. ಅಕ್ಕಿ ನೂಡಲ್ಸ್ ಮ್ಹಾಪಸಾದಲ್ಲಿ ಫಾರಿನರ್‌ಗಳು ಹೋಗುವ ಒಂದು ಅಂಗಡಿಯಲ್ಲಿ ಸಿಕ್ಕಿತ್ತು. ಮೇಲೆ ಸೌತೆಕಾಯಿ, ಗಜ್ಜರಿ, ಪುದೀನ, ಕೊತ್ತಂಬರಿ, ಎಲ್ಲ ಹಸಿಹಸಿ.

ಮೀನಿನ ಸಾಸ್ ಹಾಕಬೇಕಂತೆ. ಇಷ್ಟು ವರ್ಷ ಗೋವಾದಲ್ಲಿದ್ದರೂ ಮೀನು ನಮ್ಮ ಹೊಸ್ತಿಲು ದಾಟಿಲ್ಲ. ನಿಂಬೆರಸಕ್ಕೆ ಬೆಲ್ಲ, ಉಪ್ಪು, ಹಸಿಮೆಣಸಿನಕಾಯಿ ಕಲಸಿ ಸುರಿದೆ.

ಕೊನೆಗೆ ಹುರಿದ ಶೇಂಗಾ ಪುಡಿ ಉದುರಿಸಬೇಕು ಎಂದಾಗ ನನ್ನ ಕಣ್ಣು ಅತ್ತೆ ಧಾರವಾಡದಿಂದ ತಂದ ಶೇಂಗಾ ಚಟ್ನಿಯ ಡಬ್ಬಿಯ ಮೇಲೆ ಬಿತ್ತು. ಧಾರಾಳವಾಗಿಯೇ ಹಾಕಿದೆ.

ಇದು ಲಂಚವಲ್ಲ... ರೆಸಿಪಿ.

ಅತ್ತೆ ಒಂದು ತುತ್ತು ಬಾಯಿಗಿಟ್ಟರು. ಅಗಿದರು. ಇನ್ನೊಂದು ತುತ್ತು.

"ಹಚ್ಚಿಕೊಳ್ಳಾಕ ಚಲೋ ಆಗೇತಿ. ರೊಟ್ಟಿ ಎಲ್ಲೈತಿ?"

ನಾನು ಬಾಯಿ ತೆರೆಯುವ ಮೊದಲೇ ಅವರೇ ಎದ್ದು, ಊರಿಂದ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿಯ ಗಂಟು ಬಿಚ್ಚಿದರು. ಒಂದು ರೊಟ್ಟಿ ಮುರಿದು, ತುಂಡಿನ ಮೇಲೆ ನೂಡಲ್ಸ್ ಹೇರಿ, ಕಟಕಟ ಅಂತ ತಿನ್ನತೊಡಗಿದರು.

ಯಜಮಾನರು ಪೇಪರ್ ಮಡಚಿದರು. "ನೋಡಿದಿ? ಅವ್ವನ ಊಟ ರೊಟ್ಟಿ. ನಿಂದು ಬರೇ ಪಲ್ಯ. ಸೋತಿ ನೀ!"

ಜೋಳದ ರೊಟ್ಟಿಯ ಪಕ್ಕ ಕೂತ ಮೇಲೆ ಯಾವ ದೇಶದ ಅಡುಗೆಯಾದರೂ ಪಲ್ಯವೇ ತಾನೆ? ನನ್ನ ರವಿವಾರಗಳು ಒಗ್ಗರಣೆಯ ಹೊಗೆಯಲ್ಲಿ ಮರೆಯಾಗುವುದು ಕಾಣಿಸತೊಡಗಿತು...

ಅತ್ತೆ ಬಟ್ಟಲಿನ ತಳವನ್ನು ಬೆರಳಿನಿಂದ ಬಳಿದು, ಮಗನ ಮುಂದೆ ತಾಟು ಸರಿಸಿದರು. ಅದರಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು.

"ಪಲ್ಯ ಖಾಲಿ ಆತು, ರೊಟ್ಟಿ ಉಳೀತು. ಹಂಗಾದ್ರ ನಾ ಊಟಾ ಮಾಡಿದ್ದು ಯಾವುದನ್ನೋ?"

ಯಜಮಾನರು ಮಡಚಿದ ಪೇಪರನ್ನು ಮತ್ತೆ ಬಿಚ್ಚಿದರು.

"ನಿಮ್ಮ ಶರ್ತು ನನಗ ಕೇಳಿಸಿಲ್ಲಂತ ಮಾಡೀರೇನು? ಈ ಫ್ಲ್ಯಾಟಿನ ಗ್ವಾಡಿ ನನ್ನ ಖಡಕ್ ರೊಟ್ಟಿಕಿಂತಾ ತೆಳ್ಳಗ ಅದಾವ! ರವಿವಾರ ಅವಲಕ್ಕಿಗೆ ಒಗ್ಗರಣಿ ಹಾಕಾವ ನೀನ, ಮಗನ."

ಇದನ್ನು ಬಾಲ್ಕನಿಯಲ್ಲಿ ಕೂತು ಬರೆಯುತ್ತಿದ್ದೇನೆ. ಇವತ್ತು ರವಿವಾರ. ಪಕ್ಕದಲ್ಲಿ ಕವನ ಸಂಕಲನ ತೆರೆದಿದೆ. ಒಳಗಿನಿಂದ ಸಾಸಿವೆ ಸೀದ ವಾಸನೆ, ಜೊತೆಗೆ ಒಂದು ದನಿ: "ಏ, ಅರಿಷಿಣ ಎಲ್ಲೈತಿ?"

ಉತ್ತರ ಕೊಡಲೋ, ಈ ಪದ್ಯ ಮುಗಿಸಲೋ... ನೀವೇ ಹೇಳಿ.