ಲಮಿದಿಯನ್ನು ಕರೆದವಳು

ರುಸ್ಮಿಯ ಮುತ್ತಾತ ಸಿಂಗೊ ಡಚ್ಚರ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆಯುತ್ತಿದ್ದ. ಗಾಡಿ ಕೆಸರಿನಲ್ಲಿ ಹೂತರೆ ಎತ್ತಿಗೆ ಚಾವಟಿ ತೋರಿಸದೆ, ಬರೀ ಕೂಗಿನಲ್ಲೇ ಮೇಲಕ್ಕೆಳೆಸುತ್ತಿದ್ದ ಎಂದು ಬ್ರಾಂತಾಸ್ ಹೊಳೆಯ ಎರಡೂ ದಡದಲ್ಲಿ ಈಗಲೂ ಹೇಳುತ್ತಾರೆ. ಅವನ ಮಗ ಕರ್ಸೊ ಆ ಕೂಗನ್ನು ಎತ್ತುಗಳಿಂದ ಮನುಷ್ಯರಿಗೆ ತಂದ. ಬಿದಿರಿನ ಕುದುರೆ ಕಟ್ಟಿಕೊಂಡು ಕುಣಿಯುವವರ ಮೈಮೇಲೆ ಬರುವಂತೆ ಕರೆಯುವವನೂ ಅವನೇ, ಬಂದದ್ದನ್ನು ಕಿವಿಯಲ್ಲಿ ಊದಿ ಹಿಂದಕ್ಕೆ ಕಳಿಸುವವನೂ ಅವನೇ. ಜಪಾನಿನವರು ಊರಲ್ಲಿ ಬೀಡುಬಿಟ್ಟಿದ್ದಾಗ ಒಬ್ಬ ಸಿಪಾಯಿ ಕುಣಿತ ನೋಡುತ್ತ ನೋಡುತ್ತ ತಾನೇ ಮೈದುಂಬಿ ಬಿದ್ದನಂತೆ. ಊರವರು ಬಿಟ್ಟು ಓಡಿದರು, ಕರ್ಸೊ ಮಾತ್ರ ಕೂತು ಅವನನ್ನು ವಾಪಸು ತಂದ. "ವೈರಿ ಆದ್ರೇನು, ನನ್ನ ಕೂಗಿಗೆ ತಾನೆ ಎದ್ದದ್ದು" ಅಂದನಂತೆ. ಆ ಮನೆತನಕ್ಕೆ ಇರುವ ಕಟ್ಟಳೆ ಅದೊಂದೇ. ಕರೆದ ಬಾಯಿಯೇ ಕಳಿಸಬೇಕು.

ಕರ್ಸೊನ ಮಗ ಲಮಿದಿ ಮದ್ದಲೆಗಾರ. ನಾನು ಬಿದಿರಿನ ಕುದುರೆ ಹೆಣೆಯುವವನು, ಅವನ ಓರಗೆಯವನು. ಅವನ ಎಡಗೈ ಪೆಟ್ಟು ಕೇಳಿದರೆ ಒಲೆ ಮುಂದೆ ಕೂತ ಮುದುಕಿಯ ಸೊಂಟವೂ ಅಲುಗುತ್ತಿತ್ತು. ಅವನಿಗೆ ಇದ್ದದ್ದು ಒಂದೇ ಕೇಡು. ಕರೆದರೆ ಇಲ್ಲ ಅನ್ನಲಾರ. ಕೆದಿರಿಯಿಂದ ಕರೆದರೆ ಕೆದಿರಿಗೆ, ಸಮುದ್ರದ ದಂಡೆಯಿಂದ ಕರೆದರೆ ಅಲ್ಲಿಗೆ. ಹೆಂಡತಿ ಹೆರುವಾಗಲೂ ಯಾರದೋ ಮದುವೆಯಲ್ಲಿ ಬಾರಿಸುತ್ತಿದ್ದ. "ನನ್ನ ಗಂಡನ್ನ ಹೆಣ ಕರೆದ್ರೂ ಮದ್ದಲೆ ಹೆಗಲಿಗೆ ಹಾಕ್ಕೊಂಡು ಹೊರಡ್ತಾನೆ" ಎಂದು ಅವಳು ಬಾವಿಕಟ್ಟೆಯಲ್ಲಿ ಹೇಳಿ ನಗಿಸುತ್ತಿದ್ದಳು. ಕೊನೆಗೆ ಹಾಸಿಗೆ ಹಿಡಿದಾಗ ಮಗಳ ಕೈ ಹಿಡಿದು ಲಮಿದಿ ಅಂದದ್ದು ಇಷ್ಟು, ನಾನು ಅಲ್ಲೇ ಇದ್ದೆ: "ರುಸ್ಮಿ, ಇನ್ಮೇಲೆ ಯಾರಾದ್ರೂ ಕರೆದ್ರೆ ಅಪ್ಪ ಮನೇಲಿಲ್ಲ ಅನ್ನು. ಕಾಲು ಸೋತ್ವು. ನಾನಿನ್ನು ಮಲಗ್ತೀನಿ."

ಅವನು ಸತ್ತ ಸಾವಿರನೇ ದಿನದ ಊಟ ಹಾಕಿ, ಗೋರಿಗೆ ಕಲ್ಲು ಕೂರಿಸಿದೆವು. ಕಲ್ಲು ಕೂತ ಮೇಲೆ ಸತ್ತವನ ಹೆಸರನ್ನು ಕೂಗಿನಲ್ಲಿ ಎತ್ತಬಾರದು. ಮಾತಿನಲ್ಲಿ ನೆನೆಯಬಹುದು, ಪ್ರಾರ್ಥನೆಯಲ್ಲಿ ಹೇಳಬಹುದು. ಮದ್ದಲೆಯ ಜೊತೆ ಕೂಗಬಾರದು. ಕೂಗಿದರೆ ಅವನು ಎದ್ದು ಬಂದು ಕುಣಿಯಲೇಬೇಕು.

ರುಸ್ಮಿಗೆ ಬಂದದ್ದು ತಾತನ ಗಂಟಲು. ಮದುವೆ ಮನೆಗಳಲ್ಲಿ ಹೆರ್ಮಾನ್ ಎಂಬವನ ವಾದ್ಯಮೇಳದ ಜೊತೆ ವೇದಿಕೆ ಹತ್ತಿ, ಹಾಡುವವಳು ಉಸಿರು ಎಳೆದುಕೊಳ್ಳುವ ಸಂದಿನಲ್ಲಿ ಇವಳು ಕೂಗು ಎಸೆಯುತ್ತಾಳೆ. ಒಮ್ಮೆ ಕೋಳಿಯ ಕೊಕ್ಕೊಕ್ಕೋ, ಒಮ್ಮೆ ಗಾಡಿ ಹೊಡೆಯುವವನ ಹೋಯ್, ಒಮ್ಮೆ ಅರ್ಥವಿಲ್ಲದ ಒಂದು ಕೇಕೆ. ಸಾರಿಗೆ ಉಪ್ಪು ಇದ್ದಂತೆ ಅದು. ಇದ್ದಾಗ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಜನ ಊಟ ಬಿಟ್ಟೇಳುತ್ತಾರೆ. ಪ್ರತಿ ಹಾಡಿನಲ್ಲಿ ಒಂದು ಜಾಗ ಊಟ ಹಾಕಿದ ಯಜಮಾನನ ಹೆಸರಿಗೆ ಮೀಸಲು. "ಓ" ಎಂದು ಎಳೆದು ಹೆಸರು ಕೂಗಿದರೆ, ಅವನು ಎಂಥ ಬಿಗುಮಾನದವನಾಗಲಿ, ಎದ್ದು ಬಂದು ಒಂದು ಸುತ್ತು ಕುಣಿಯದೆ ಕೂರುವಂತಿಲ್ಲ. ಮಂಡಿನೋವಿನ ಊರ ಮುಖ್ಯಸ್ಥನನ್ನೂ ಇವಳು ಕುಣಿಸಿದ್ದಾಳೆ.

ಇಂತಾನ್ ಲಾರಸ್ ಆ ಹೊತ್ತಿಗೆ ದೇಶಕ್ಕೆಲ್ಲ ಗೊತ್ತಿದ್ದ ಗಾಯಕಿ. ರಾಜಧಾನಿಯವಳು, ನಿಧಾನದ ಅಳುಹಾಡುಗಳವಳು. ಅವಳಿಗೆ ಅಳು ಸಾಕಾಗಿ, ಕುಣಿಯುವ ಹಾಡುಗಳದೇ ಒಂದು ಆಲ್ಬಂ ಮಾಡುತ್ತೇನೆ ಎಂದು ಹಟ ಹಿಡಿದಳು. ಅವಳ ಕಂಪನಿಯವರು ಬೇಡವೆಂದರು. ಅತ್ತು ಹೆಸರು ಮಾಡಿದವಳು ಕುಣಿದರೆ ಜನ ನಂಬುತ್ತಾರೆಯೇ ಎಂದರು. ಅವಳು ಕೇಳಲಿಲ್ಲ. ಯಂತ್ರದ ತಾಳದ ಕೆಳಗೆ ನಮ್ಮ ಕಡೆಯ ಮದ್ದಲೆ ಇರಲಿ ಎಂದು ಸುರಬಾಯಾಕ್ಕೆ ಬಂದು ಕೂತಳು. ಮದ್ದಲೆಗೆ ಲಮಿದಿಯ ಕೈಯಲ್ಲೇ ಪಳಗಿದ ಶಿಷ್ಯನೊಬ್ಬ ಸಿಕ್ಕಿದ. ಹಾಡುಗಳು ಸಿದ್ಧವಾದವು, ಕೇಳಿದರೆ ಸಪ್ಪೆ. "ಉಪ್ಪಿಲ್ಲ, ರುಸ್ಮಿ ಅಕ್ಕನ್ನ ಕರೆಸಿ" ಎಂದ ಆ ಶಿಷ್ಯ.

ರುಸ್ಮಿ ಹೋದಳು. ಗೋಡೆಗೆಲ್ಲ ಹಾಸಿಗೆ ಹೊಡೆದಂಥ ಕೋಣೆ, ಒಂದು ಗಾಜು, ಗಾಜಿನಾಚೆ ಗುಂಡಿಗಳ ಮೇಜು. ಕಿವಿಗೆ ಒಂದು ಜೋಡಿ ಬಟ್ಟಲು ಹಾಕಿಸಿದರು. ಮುಂದೆ ಕುಣಿಯುವವರಿಲ್ಲ, ಮಸಾಲೆಯ ವಾಸನೆಯಿಲ್ಲ, ಚಪ್ಪರವಿಲ್ಲ. ಅವಳು ಗಾಜು ಬಡಿದು ಕೇಳಿದಳು.

"ತಮ್ಮಾ, ಇದು ಯಾರ ಮನೆ ಊಟ?"

"ಯಾರ ಮನೇದೂ ಅಲ್ಲ ಅಕ್ಕಾ. ಹಾಡು ಅಷ್ಟೆ."

"ಮತ್ತೆ ಹೆಸರಿನ ಜಾಗದಲ್ಲಿ ಯಾರನ್ನ ಕರೀಲಿ?"

"ಬಾಯಿಗೆ ಬಂದವರನ್ನ ಕರೀರಿ."

ಅದೇ ಎಡವಟ್ಟಾಯಿತು. ನಾಲ್ಕನೆಯ ಹಾಡು ಕಿವಿಗೆ ಬಿತ್ತು. ಶಿಷ್ಯನ ಎಡಗೈ ಥೇಟ್ ಗುರುವಿನ ಎಡಗೈ. ಹೆಸರಿನ ಜಾಗಕ್ಕೆ ಸ್ವಲ್ಪ ಮುಂಚೆ ಒಂದು ಪೆಟ್ಟು ತಡೆದು ಬಿಟ್ಟ, ಲಮಿದಿ ತಡೆಯುತ್ತಿದ್ದ ಹಾಗೇ. ರುಸ್ಮಿಯ ಬಾಯಿ ತನ್ನಷ್ಟಕ್ಕೆ ತೆರೆಯಿತು. "ಓ ಲಮಿದೀ!"

ಗಾಜಿನಾಚೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಂತಾನ್ ಒಳಗೆ ಓಡಿಬಂದು ಅವಳನ್ನು ತಬ್ಬಿಕೊಂಡಳು. ತಾನು ಯಾರನ್ನು ಕರೆದೆ ಎಂಬುದು ರುಸ್ಮಿಗೆ ಆಗ ಹೊಳೆಯಿತು. ಆದರೂ ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮುಚ್ಚಿದ ಕೋಣೆ, ಒಂದೇ ಒಂದು ಸಲ ಕರೆದದ್ದು. ಊರಿಗೆ ಬಂದ ಸಂಜೆಯೇ ಬಾಳೆಲೆಯಲ್ಲಿ ಅನ್ನ, ಒಂದು ಲೋಟ ಕರಿಕಾಫಿ, ಲವಂಗದ ಸಿಗರೇಟು ಇಟ್ಟು, "ಅಪ್ಪಾ, ತಪ್ಪಿ ಕರೆದೆ, ಉಂಡು ಮನೆಗೆ ಹೋಗು" ಎಂದು ಸಣ್ಣಗೆ ಕೂಗಿ ಕಳಿಸಿದಳು. ಕರೆದದ್ದು ಒಂದು, ಕಳಿಸಿದ್ದು ಒಂದು. ಸರಿಹೋಯಿತು ಅಂದುಕೊಂಡಳು.

ನಾನೂ ಹಾಗೇ ಅಂದುಕೊಂಡಿದ್ದೆ. ಪೆಟ್ಟಿಗೆಗೆ ಕೂಗಿದ್ದು ಪೆಟ್ಟಿಗೆ ತೆರೆದಾಗಲೆಲ್ಲ ಹೊಸದಾಗಿ ಕೂಗುತ್ತದೆ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಆಲ್ಬಂ ಬಂತು. ಮೊದಮೊದಲು ರಾಜಧಾನಿಯವರು ಮೂಗು ಮುರಿದರು. ಚಿನ್ನದ ಗಂಟಲು ಹಳ್ಳಿ ಸಂತೆಗೆ ಬಿತ್ತು ಎಂದು ಪತ್ರಿಕೆಯಲ್ಲಿ ಬರೆದರು. ಅಳುಹಾಡಿನ ಅಭಿಮಾನಿಗಳು ನಿಜವಾಗಿಯೇ ಅತ್ತರು. ಆಮೇಲೆ ನಾಲ್ಕನೆಯ ಹಾಡು ಬಸ್ಸಿಗೆ ಹತ್ತಿತು. ಬಸ್ಸಿನಿಂದ ದೋಣಿಗೆ, ದೋಣಿಯಿಂದ ಆಚೆ ದ್ವೀಪಗಳಿಗೆ. ಪಂಚಾಯ್ತಿ ಕಟ್ಟೆಯ ಮುಂದೆ ಕೊಬ್ಬು ಕರಗಿಸಲು ಕುಣಿಯುವ ಹೆಂಗಸರು ಅದನ್ನೇ ಹಾಕಿದರು. ಕಬ್ಬಿನ ಲಾರಿಗಳ ಹಿಂಬದಿಯಲ್ಲಿ 'ಓ ಲಮಿದೀ' ಎಂದು ಬಣ್ಣದಲ್ಲಿ ಬರೆಸಿದರು. ಲಮಿದಿ ಯಾರು ಎಂಬುದು ಯಾರಿಗೂ ಗೊತ್ತಿಲ್ಲ. ಕೈಕೊಟ್ಟು ಓಡಿದ ಪ್ರೇಮಿ ಎಂದರು ಕೆಲವರು, ಕಾಲ್ಚೆಂಡಿನ ಆಟಗಾರ ಎಂದರು ಕೆಲವರು. ಸಂತೆಯಲ್ಲಿ ಒಬ್ಬ ಅದೇ ಹೆಸರಿನ ಸೊಂಟನೋವಿನ ಎಣ್ಣೆ ಮಾರಿದ.

ರುಸ್ಮಿಗೆ ಕೂತಲ್ಲಿ ಕೂರಲಾಗದಾಯಿತು. ಪಕ್ಕದ ಮನೆಯ ರೇಡಿಯೋದಲ್ಲಿ ಅಪ್ಪನ ಹೆಸರು ಬಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಕಾಫಿ ಸುರಿದು ಹೊಸಿಲಿಗೆ ಇಡುವಳು, "ಮನೆಗೆ ಹೋಗಪ್ಪಾ" ಅನ್ನುವಳು. ಲೋಟ ಆರುವ ಮೊದಲೇ ಬೀದಿಯಲ್ಲಿ ಹೋಗುವ ಬೈಕಿನಿಂದ ಮತ್ತೆ ಕೂಗು. ಹುರಿಯಲು ಹಾಕಿದ ತೆಂಪೆಯ ಸೋಯಾ ಬಿಲ್ಲೆ ಬಾಣಲೆಯಲ್ಲಿ ಕರಿಯಾಗುವುದು. ಗಂಡ ಜುಮಾಲಿ ಲಾರಿ ಓಡಿಸುವವನು, ಬಾಯಿ ಸುಮ್ಮನಿರದವನು.

"ನಿಮ್ಮಪ್ಪ ಸತ್ತಮೇಲೆ ಕುಡಿದಷ್ಟು ಕಾಫಿ ನಾನು ಮದುವೆ ಆದಾಗಿನಿಂದ ಕುಡಿದಿಲ್ಲ ಕಣೆ."

"ನೀನು ಕರೆಯೋಕೆ ಮುಂಚೆ ಬಂದು ಕೂರೋನು. ನಿನಗ್ಯಾಕೆ ಕಾಫಿ?"

"ಹೋಗ್ಲಿ, ಅವನೇನು ದೂರು ಹೇಳಿದ್ನಾ? ಖುಷಿಯಾಗಿ ಕುಣೀತಿರಬೋದು."

"ಕಾಲು ಸೋತ್ವು ಅಂದಿದ್ದ. ನನ್ನ ಕೈ ಹಿಡಕೊಂಡು ಅಂದಿದ್ದ" ಎಂದಳು.

ಮಸೀದಿಯ ಹಿರಿಯರಾದ ಮುಖ್ಲಾಸ್ ಅವರ ಹತ್ತಿರ ಅವಳನ್ನು ನಾನೇ ಕರೆದುಕೊಂಡು ಹೋದೆ. ಅವರು ಒಳ್ಳೆಯ ಮನುಷ್ಯ, ಲಮಿದಿಯ ಮದ್ದಲೆಗೆ ಹರೆಯದಲ್ಲಿ ಕುಣಿದವರೇ.

"ಸತ್ತವರು ಪೆಟ್ಟಿಗೆ ಕೂಗಿಗೆಲ್ಲ ಏಳೋದಿಲ್ಲ ಮಗಳೇ" ಎಂದರು.

"ಏಳೋದಿಲ್ಲ ಅಂತ ನಿಮಗೆ ಗೊತ್ತು ಸ್ವಾಮೀ. ನಮ್ಮಪ್ಪನಿಗೆ ಗೊತ್ತಾ? ಅವನು ಬದುಕಿದ್ದಾಗ್ಲೂ ನಿಮ್ಮ ಮಾತು ಕೇಳ್ದೋನಲ್ಲ."

ಮುಖ್ಲಾಸ್ ನಕ್ಕುಬಿಟ್ಟರು. ನಗು ನಿಂತ ಮೇಲೆ ಅವನಿಗಾಗಿ ಪ್ರಾರ್ಥಿಸಿದರು. ಪ್ರಾರ್ಥನೆ ಮುಗಿಯುವಷ್ಟರಲ್ಲಿ ಮಸೀದಿಯ ಹಿಂದಿನ ಚಹಾದಂಗಡಿಯಿಂದ ಅದೇ ಹಾಡು ಕೇಳಿಸಿತು.

ಆ ದಿನವೇ ರುಸ್ಮಿ ನನಗೆ ಹೇಳಿದ್ದು: "ಚಿಕ್ಕಪ್ಪಾ, ಹೊಸಿಲಲ್ಲಿ ಕೂತು ಕಳಿಸಿದ್ರೆ ಆಗಲ್ಲ. ಅವನು ಎಲ್ಲೆಲ್ಲಿ ಎದ್ದು ಕುಣೀತಾನೋ ಅಲ್ಲಲ್ಲೇ ಹೋಗಿ ಕಳಿಸ್ಬೇಕು."

"ದೇಶ ಎಲ್ಲಾ ಸುತ್ತೋಕಾಗುತ್ತೇನೆ ಹುಚ್ಚಿ?"

"ಅವನು ಸುತ್ತಲಿಲ್ವಾ?"

ಹೊರಟೇಬಿಟ್ಟಳು. ಮದುವೆ ಇದೆ ಎಂದು ಕೇಳಿದಲ್ಲಿಗೆ ಜುಮಾಲಿಯ ಬೈಕಿನ ಹಿಂದೆ ಕೂತು ಹೋಗುವುದು. ಆ ಹಾಡು ಬರುವತನಕ ಚಪ್ಪರದ ಕಂಬಕ್ಕೆ ಒರಗಿ ನಿಲ್ಲುವುದು. ಜನವೆಲ್ಲ "ಓ ಲಮಿದೀ" ಎಂದು ಒಟ್ಟಿಗೆ ಕೂಗಿದ ಮರುಗಳಿಗೆ, ಮುಂದಿನ ಸಂದಿನಲ್ಲಿ, ಇವಳು ಎದೆ ತುಂಬಿಕೊಂಡು ಕೂಗುವಳು: "ಮನೆಗೆ ಹೋಗಪ್ಪಾ!" ಮೈಕಿಲ್ಲ. ಆದರೂ ಆ ಕೂಗು ಚಪ್ಪರ ದಾಟಿ ಕಬ್ಬಿನ ಗದ್ದೆಗೆ ಮುಟ್ಟುತ್ತಿತ್ತು.

ಕುಣಿಯುವವರಿಗೆ ಅದು ಹಿಡಿಸಲಿಲ್ಲ. ಕುಡಿದವನೊಬ್ಬ ತನ್ನನ್ನೇ ಮನೆಗೆ ಅಟ್ಟುತ್ತಿದ್ದಾಳೆ ಎಂದು ಜಗಳಕ್ಕೆ ಬಂದ. ವಾದ್ಯಮೇಳದ ಹೆರ್ಮಾನ್ ವೇದಿಕೆಯಿಂದ ಇಳಿದು ಬೈದ.

"ರುಸ್ಮಿ ಅಕ್ಕಾ, ಜನ ಕಾವೇರೋ ಹೊತ್ತಿಗೆ ನೀರು ಹುಯ್ತೀಯಲ್ಲ. ಊಟ ಹಾಕಿದ ಯಜಮಾನ ನನ್ನ ಮೇಲೆ ಗುರ್ ಅಂತಾನೆ. ಮೇಲೆ ಬಂದು ನಿಂತು ಬೇರೇನಾದ್ರೂ ಕೂಗು."

"ಮೇಲೆ ನಿಂತ್ರೆ ಕರೀಬೇಕಾಗುತ್ತೆ. ನನಗೀಗ ಕಳಿಸೋ ಕೆಲಸ ಐತೆ."

"ಹಾಗಾದ್ರೆ ನನ್ನ ಮೇಳದಲ್ಲಿ ನಿನಗೆ ಜಾಗ ಇಲ್ಲ."

"ಜಾಗ ಯಾರು ಕೇಳಿದ್ರು? ಕಂಬ ಸಾಕು."

ಊಟಕ್ಕೆ ದಾರಿಯಾಗಿದ್ದ ವೇದಿಕೆ ಹೋಯಿತು. ಅವಳು ನಿಲ್ಲಲಿಲ್ಲ. ಮೈ ಸೊರಗಿತು, ಗಂಟಲು ಒಡೆದು ಗೊಗ್ಗರಾಯಿತು. ಎಷ್ಟೋ ಕಡೆ ಹೊರಗೆ ಹಾಕಿದರು. ಒಂದೊಂದು ಕಡೆ ಮಾತ್ರ, ಯಾಕೆಂದು ತಿಳಿಯದೆಯೇ, ಮುದುಕಿಯರು ಇವಳ ಜೊತೆ ಕೂಗಿದರು. ತಂದೆ ಸತ್ತ ಹುಡುಗಿಯೊಬ್ಬಳು ಕುಣಿತ ನಿಲ್ಲಿಸಿ ಅತ್ತಳು. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು. ಇಂತಾನ್‌ಗೂ ತಲುಪಿತು.

ಒಂದು ಮಧ್ಯಾಹ್ನ ಅವಳೇ ಕಾರಿನಲ್ಲಿ ನಮ್ಮ ಕೇರಿಗೆ ಬಂದಳು. ಚಾಪೆಯ ಮೇಲೆ ಕೂತು, ರುಸ್ಮಿ ಬಡಿಸಿದ ಬೇಯಿಸಿದ ಸೊಪ್ಪು, ಕಡಲೆಕಾಯಿ ಗೊಜ್ಜನ್ನು ಎಲೆ ಒರೆಸುವ ಹಾಗೆ ಉಂಡಳು. ಸೊಕ್ಕಿನ ಹುಡುಗಿ ಅಲ್ಲ. ನಡೆದದ್ದನ್ನೆಲ್ಲ ಕೇಳಿ ಅವಳ ಕಣ್ಣು ತುಂಬಿತು.

"ಅಮ್ಮಾ, ಅವತ್ತೇ ಒಂದು ಮಾತು ಹೇಳಿದ್ರೆ ತೆಗೆದುಬಿಡ್ತಿದ್ದೆ. ಈಗ ಎಲ್ಲರ ಮನೆ ಸೇರಿಬಿಟ್ಟಿದೆ, ವಾಪಸ್ ತರೋಕಾಗಲ್ಲ."

"ನನಗೇ ಗೊತ್ತಿರ್ಲಿಲ್ಲ ಮಗಳೇ. ನಿನ್ನ ತಪ್ಪಲ್ಲ."

"ಒಂದು ದಾರಿ ಇದೆ. ನೀವು ಕಳಿಸೋ ಕೂಗು ಇದೆಯಲ್ಲ, ಅದನ್ನ ಮುಂದಿನ ಹಾಡಲ್ಲಿ ಹಾಕ್ತೀನಿ. ನೀವು ಒಂದ್ಸಲ ಬಂದು ಕೂಗಿದ್ರೆ ಸಾಕು. ದೇಶಕ್ಕೆ ದೇಶವೇ ಅವರನ್ನ ಮನೆಗೆ ಕಳಿಸುತ್ತೆ. ನೀವು ಹೀಗೆ ಊರೂರು ಅಲೆಯೋದು ತಪ್ಪುತ್ತೆ. ಕಾರು ಹೊರಗೇ ಇದೆ, ಈಗಲೇ ಹೋಗೋಣ."

ಜುಮಾಲಿ ಹೆಂಡತಿಯ ಮುಖ ನೋಡಿದ. ನನಗೂ ಅದು ಸರಿಯಾದ ದಾರಿ ಅನ್ನಿಸಿತು; ಹೋಗು ಎಂದು ಬಾಯಿಬಿಡುವವನಿದ್ದೆ. ರುಸ್ಮಿ ಎಲೆಗಳನ್ನು ಮಡಚಿ ಎತ್ತಿದಳು, ಕೈ ತೊಳೆದಳು, ಗೂಟದಲ್ಲಿದ್ದ ಶಾಲು ತೆಗೆದು ತಲೆಗೆ ಸುತ್ತಿಕೊಂಡಳು. ಕಾರಿಗೇ ಹತ್ತುತ್ತಾಳೆ ಅಂದುಕೊಂಡೆವು. ಅವಳು ಹೊಸಿಲಲ್ಲಿ ನಿಂತು ತಿರುಗಿದಳು. ಒಡೆದ ಗಂಟಲಿನಲ್ಲೇ ಹೇಳಿದಳು:

"ಬೇಡ ಮಗಳೇ. ನಾನು ಒಂದ್ಸಲ ಕರೆದದ್ದನ್ನ ನಿನ್ನ ಪೆಟ್ಟಿಗೆ ಊರೂರಲ್ಲಿ ಕರೀತು. ಕಳಿಸೋದನ್ನೂ ಅದರ ಬಾಯಿಗೆ ಕೊಟ್ರೆ, ಮಲಗಿದ್ದಾನೋ ಎದ್ದಿದ್ದಾನೋ ನೋಡ್ದೆ ಅದು ದಿನಾ ಕಳಿಸುತ್ತೆ. ಮಲಗಿದೋನ್ನ ಮನೆಗೆ ಹೋಗು ಅಂದ್ರೆ ಪಾಪ ಎದ್ದು ಎಲ್ಲಿಗೆ ಹೋಗ್ತಾನೆ? ನಾನು ಕರೆದೋಳು, ನಾನೇ ಕಳಿಸ್ತೀನಿ. ಈವತ್ತು ಸಂಜೆ ಪಾರೆ ಊರಲ್ಲಿ ಒಂದು ಮದುವೆ ಐತೆ. ಕಾರೂ ಬೇಡ. ನಮ್ಮೋನ ಬೈಕ್ ಐತೆ."